ಹೆಜ್ಜೆ ಸದ್ದು ಕೇಳಿಸಿದರೆ ಸಾಲದು, ದಿಕ್ಕೂ ತಿಳಿಯಬೇಕು

ವಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಶೂಟಿಂಗ್ ಗೇಮ್ ಆಡುವವರಿಗೆ ಬೇಕಾದ ಸೌಂಡ್ ಸೆಟ್ಟಿಂಗ್‌ಗಳ ಬಗ್ಗೆ ಕನ್ನಡದಲ್ಲೇ ಬರೆದಿದ್ದೀರಿ, ನಿಜಕ್ಕೂ ಖುಷಿಯಾಯ್ತು. ಆದರೆ ಹೆಡ್‌ಸೆಟ್‌ನ ವರ್ಚುವಲ್ 7.1 (ಸದ್ದು ಸುತ್ತಲೂ ಇರುವ ಸ್ಪೀಕರ್‌ಗಳಿಂದ ಬಂದ ಹಾಗೆ ಕೇಳಿಸುವ ಸೌಲಭ್ಯ) ಮತ್ತು ಲೌಡ್‌ನೆಸ್ ಈಕ್ವಲೈಸೇಶನ್ ಎರಡನ್ನೂ ಆನ್ ಮಾಡಿ ಅಂದಿದ್ದನ್ನು ನಾನು ಒಪ್ಪಲ್ಲ.

ವಾಲೊರಂಟ್ ಒಳಗೇ ಎಚ್‌ಆರ್‌ಟಿಎಫ್ ಆಯ್ಕೆ ಇದೆ. ಒಂದೇ ಸದ್ದು ನಮ್ಮ ಎಡಗಿವಿಗೂ ಬಲಗಿವಿಗೂ ಸ್ವಲ್ಪ ಬೇರೆ ಬೇರೆ ಥರ ತಲುಪುತ್ತಲ್ಲ, ಆ ವ್ಯತ್ಯಾಸವನ್ನು ಲೆಕ್ಕ ಹಾಕಿ ಸಾಮಾನ್ಯ ಸ್ಟೀರಿಯೊ ಹೆಡ್‌ಫೋನಿನಲ್ಲೂ ಹಿಂದೆ-ಮುಂದೆ ಗೊತ್ತಾಗುವ ಹಾಗೆ ಮಾಡುತ್ತೆ. ಅದರ ಮೇಲೆ ವಿಂಡೋಸ್ ಸಾನಿಕ್ (ವಿಂಡೋಸ್‌ನದೇ ಸರೌಂಡ್ ಸೌಂಡ್ ಸೌಲಭ್ಯ) ಅಥವಾ 7.1 ಹಾಕಿದರೆ ದಿಕ್ಕು ಕಲಸಿಹೋಗುತ್ತೆ. ತಿಂಗಳುಗಟ್ಟಲೆ ಹಾಗೇ ಆಡಿ, ಹಿಂದಿನಿಂದ ಬಂದವರಿಗೆ ಮುಂದೆ ಗುರಿ ಇಟ್ಟು ಸತ್ತಿದ್ದೇನೆ. ಎಲ್ಲ ತೆಗೆದು ಬರೀ ಸ್ಟೀರಿಯೊ ಇಟ್ಟ ಮೇಲೆಯೇ ಸರಿಹೋಗಿದ್ದು.

ಲೌಡ್‌ನೆಸ್ ಈಕ್ವಲೈಸೇಶನ್ ಸಣ್ಣ ಸದ್ದನ್ನು ಏರಿಸಿ ದೊಡ್ಡದನ್ನು ತಗ್ಗಿಸುತ್ತೆ. ಎದುರಾಳಿಯ ಹೆಜ್ಜೆ ಚೆನ್ನಾಗಿ ಕೇಳುತ್ತೆ, ನಿಜ. ಆದರೆ ಪಕ್ಕದ ಗೋಡೆಯಾಚೆ ಇರುವವನೂ ದೂರದಲ್ಲಿ ಓಡುವವನೂ ಹೆಚ್ಚುಕಮ್ಮಿ ಒಂದೇ ಥರ ಕೇಳಿಸಿದರೆ ಏನು ಪ್ರಯೋಜನ? ಕಿವಿಗೆ ಶ್ರಮ ಕಡಿಮೆ ಆಗಲಿ ಅನ್ನುವವರು ಬೇಕಾದರೆ ಇಟ್ಟುಕೊಳ್ಳಲಿ.

ನೀವು ಬಿಟ್ಟ ಒಂದು ಮುಖ್ಯ ವಿಷಯ: ವಿಂಡೋಸ್‌ನ ಹಳೇ ಸೌಂಡ್ ಪ್ಯಾನೆಲ್‌ನಲ್ಲಿ ಕಮ್ಯುನಿಕೇಷನ್ಸ್ ಟ್ಯಾಬ್. ವಾಯ್ಸ್ ಕಾಲ್ ಬಂದಾಗ ಉಳಿದ ಸದ್ದನ್ನು 80% ತಗ್ಗಿಸುವ ಆಯ್ಕೆ ಅಲ್ಲಿ ಮೊದಲೇ ಆನ್ ಇರುತ್ತೆ. ಅದನ್ನು ‘ಡೂ ನಥಿಂಗ್’ಗೆ ಬದಲಿಸಿ. ಇನ್ನು ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ ಆಡುವವರು ದಯವಿಟ್ಟು ವೈರ್ ಇರುವುದಕ್ಕೆ ಬನ್ನಿ, ಸದ್ದು ತಡವಾಗಿ ಬರುವುದನ್ನು ಯಾವ ಸೆಟ್ಟಿಂಗೂ ಪೂರ್ತಿ ಸರಿಮಾಡಲ್ಲ.