ತಡವಾಗಿ ಬಂದವರಿಗೆ ಹೊಸ ಸಂಗೀತ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಣ್ಣ ವಾದ್ಯವೃಂದ, ಅಂದರೆ ಛೇಂಬರ್ ಆರ್ಕೆಸ್ಟ್ರಾದ ಕಛೇರಿಯ ಪೋಸ್ಟರ್‌ನಲ್ಲಿ ‘ಹಳತು-ಹೊಸತರ ಸಂವಾದ’ ಎಂದು ಕಂಡರೆ ಕಾರ್ಯಕ್ರಮಪಟ್ಟಿ ತೆರೆದು ನೋಡುವ ಶ್ರಮವೇ ಬೇಡ. ಮೊದಲು ಎಂಟು ನಿಮಿಷದ ಓವರ್ಚರ್, ಅಂದರೆ ಪೀಠಿಕೆಯ ಕೃತಿ. ಎರಡನೆಯದು ಹನ್ನೆರಡು ನಿಮಿಷದ ಹೊಸ ಕೃತಿ. ಆಮೇಲೆ, ಜನ ಯಾರ ಮುಖ ನೋಡಿ ಟಿಕೆಟ್ ತೆಗೆದುಕೊಂಡರೋ ಆ ಪಿಯಾನೊ ಕಲಾವಿದರು ವೃಂದದೊಂದಿಗೆ ನುಡಿಸುವ ಕನ್ಸರ್ಟೊ. ಮಧ್ಯಂತರ. ಕೊನೆಗೆ ಮೊಜಾರ್ಟ್. ವಾದಕರು ಇದನ್ನು ಸ್ಯಾಂಡ್‌ವಿಚ್ ಎನ್ನುತ್ತಾರೆ. ಅನುದಾನದ ಅರ್ಜಿಯಲ್ಲಿ ಹಾಗೆ ಬರೆಯಲು ಬರುವುದಿಲ್ಲವಾದ್ದರಿಂದ ಆಯೋಜಕರು ಸಂವಾದ ಎನ್ನುತ್ತಾರೆ.

ಈ ಕ್ರಮದ ಹಿಂದಿರುವುದು ಸಂಗೀತಶಾಸ್ತ್ರವಲ್ಲ, ಬಾಗಿಲುಗಳ ಲೆಕ್ಕಾಚಾರ. ಹೊಸ ಕೃತಿಯನ್ನು ಮೊದಲಿಗಿಟ್ಟರೆ ಜನ ಲೆಕ್ಕ ಹಾಕಿ ಹದಿನೈದು ನಿಮಿಷ ತಡವಾಗಿ ಬರುತ್ತಾರೆ. ಮಧ್ಯಂತರಕ್ಕೆ ಮುಂಚೆ ಇಟ್ಟರೆ ಕಾಫಿಯ ಸಾಲಿನಲ್ಲಿ ಮುಂದೆ ನಿಲ್ಲಲು ಎದ್ದು ಹೋಗುತ್ತಾರೆ. ಕೊನೆಗಿಟ್ಟರಂತೂ ಕೋಟು ಹಾಕಿಕೊಂಡೇ ಕೂತಿರುತ್ತಾರೆ. ಎರಡನೇ ಜಾಗವೇ ಭದ್ರ. ಅದರಲ್ಲೂ ಒಂದು ಸೊಗಸಿದೆ: ತಡವಾಗಿ ಬಂದವರನ್ನು ಓವರ್ಚರ್ ಮುಗಿಯುವವರೆಗೆ ಹೊರಗೆ ನಿಲ್ಲಿಸಿ, ಸರಿಯಾಗಿ ಹೊಸ ಕೃತಿಯ ಹೊತ್ತಿಗೆ ಒಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಸಮಯಪಾಲನೆ ಮಾಡದವರಿಗೆ ಇಷ್ಟು ನಿಖರವಾದ ಶಿಕ್ಷೆ ಬೇರೆಲ್ಲೂ ಜಾರಿಯಲ್ಲಿಲ್ಲ.

ಇನ್ನು ವೇದಿಕೆ. ಮೊದಲ ವಯೊಲಿನ್ 6, ಎರಡನೇ ವಯೊಲಿನ್ 5, ವಿಯೋಲ 4, ಚೆಲ್ಲೊ 3, ಬಾಸ್ 2. ಒಟ್ಟು 20 ತಂತಿವಾದ್ಯ. ಮೊಜಾರ್ಟ್‌ಗೆ ಇಬ್ಬಿಬ್ಬರಿಗೆ ಒಂದರಂತೆ, ಸ್ವರಲಿಪಿಯ ಹಾಳೆ ಇಡುವ 11 ಸ್ಟ್ಯಾಂಡ್ ಸಾಕು. ಹೊಸ ಕೃತಿಯಲ್ಲಿ ಇಪ್ಪತ್ತು ಮಂದಿಗೂ ನುಡಿಸಲು ಬೇರೆ ಬೇರೆ ಸ್ವರಸಾಲು, ಹಾಗಾಗಿ 20 ಸ್ಟ್ಯಾಂಡ್, 20 ದೀಪ. ಇಬ್ಬರು ಕೂತಲ್ಲಿ ಒಳಬದಿಯವರು ಪುಟ ತಿರುಗಿಸುತ್ತಾರೆ, ಹೊರಬದಿಯವರು ನುಡಿಸುತ್ತಲೇ ಇರುತ್ತಾರೆ. ಒಬ್ಬರೇ ಕೂತರೆ ಆ ಅನುಕೂಲವಿಲ್ಲ. ಎಲ್ಲಿ ಪುಟ ಮುಗಿಯಬೇಕೆಂದು ಕಂಪ್ಯೂಟರ್ ತೀರ್ಮಾನಿಸಿರುವುದರಿಂದ, ಉಸಿರಿಗಿಂತ ಮೆಲ್ಲಗೆ ನುಡಿಸಬೇಕಾದ ಜಾಗದಲ್ಲೇ ಇಪ್ಪತ್ತು ಹಾಳೆ ಒಟ್ಟಿಗೆ ಮಗುಚುತ್ತವೆ. ಆ ಸದ್ದು ಬರಹದಲ್ಲಿರಲಿಲ್ಲ ಎಂಬುದು ಸಭಿಕರಿಗೆ ಗೊತ್ತಾಗುವುದಿಲ್ಲ. ಕೆಲವರು ಅದನ್ನೇ ಮೆಚ್ಚಿಕೊಳ್ಳುತ್ತಾರೆ.

ಕಮಾನಿನ ಕಡ್ಡಿಯಿಂದ ತಂತಿಗೆ ಬಡಿಯಿರಿ ಎಂಬ ಸೂಚನೆ ಇದ್ದೇ ಇರುತ್ತದೆ. ಒಳ್ಳೆ ಕಮಾನಿನ ಮೆರುಗು ತಂತಿಗೆ ಉಜ್ಜಿ ಎದ್ದು ಹೋಗುತ್ತದಾದ್ದರಿಂದ, ಅನುಭವಸ್ಥರು ಬಡಿಯುವುದಕ್ಕೆಂದೇ ಅಗ್ಗದ ಇನ್ನೊಂದು ಕಮಾನು ತರುತ್ತಾರೆ. ನಾಲ್ಕು ಮಾತ್ರೆ ವಿರಾಮದಲ್ಲಿ ಒಂದನ್ನು ಸ್ಟ್ಯಾಂಡಿನ ಅಂಚಿಗಿಟ್ಟು ಇನ್ನೊಂದನ್ನು ಎತ್ತಬೇಕು. ಲೋಹದ ಅಂಚಿನ ಮೇಲೆ ಕಮಾನು ನಿಲ್ಲದು. ಅದು ಉರುಳಿ ನೆಲಕ್ಕೆ ಬೀಳುವುದು ಮೌನದ ಜಾಗದಲ್ಲೇ, ಏಕೆಂದರೆ ವಿರಾಮ ಇರುವುದೂ ಅಲ್ಲೇ. ಅಂಚಿಗೆ ಒಂದು ತುಂಡು ಬಟ್ಟೆ ಹಾಸಿದರೆ ಸಾಕು. ‘ಧ್ವನಿಯ ಹೊಸ ದಿಗಂತ’ಗಳಿಗೆ ಹಣವಿಟ್ಟ ಬಜೆಟ್ಟಿನಲ್ಲಿ ಬಟ್ಟೆಗೆ ಜಾಗವಿರುವುದಿಲ್ಲ.

ಇಪ್ಪತ್ತನೇ ಶತಮಾನದ ಸಂಯೋಜಕ ಲಿಗೆಟಿಯ ‘ರಾಮಿಫಿಕೇಷನ್ಸ್’ ಆರಿಸಿಕೊಂಡವರ ಧೈರ್ಯ ಮೆಚ್ಚಬೇಕು. 1968-69ರ ಆ ಕೃತಿಯಲ್ಲಿ ಹನ್ನೆರಡು ತಂತಿವಾದ್ಯಗಳು ಎರಡು ಗುಂಪಾಗಿ, ಒಂದು ಗುಂಪು ಇನ್ನೊಂದಕ್ಕಿಂತ ಕಾಲು ಸ್ವರ ಮೇಲಿನ ಶ್ರುತಿಯಲ್ಲಿರುತ್ತವೆ. ಈ ಕಡೆ 440 ಹರ್ಟ್ಜ್ ಆದರೆ ಆ ಕಡೆ ಸುಮಾರು 453. ಏರಿಸಿದ ತಂತಿ ಹೇಳಿದಲ್ಲಿ ನಿಲ್ಲುವುದಿಲ್ಲ, ಮತ್ತೆ ಇಳಿಸಿದರೂ ಅಷ್ಟೆ. ಹೊತ್ತು ಕಳೆದಂತೆ ಜಾರುತ್ತಲೇ ಇರುತ್ತದೆ. ಬಲ್ಲವರು ಎರಡನೇ ವಾದ್ಯವನ್ನು ಮೊದಲೇ ಶ್ರುತಿ ಮಾಡಿಟ್ಟುಕೊಳ್ಳುತ್ತಾರೆ, ಇಲ್ಲವೆ ಆಮೇಲೆ ಮಧ್ಯಂತರ ಬರುವಂತೆ ನೋಡಿಕೊಳ್ಳುತ್ತಾರೆ. ಸ್ಯಾಂಡ್‌ವಿಚ್ಚಿನಲ್ಲಿ ಅದರ ಬೆನ್ನಿಗೇ ಕನ್ಸರ್ಟೊ. ಪಿಯಾನೊ ಒಂದು ಶ್ರುತಿ, ವಯೊಲಿನ್‌ಗಳು ಒಂದೂಕಾಲು.

ಇಷ್ಟೆಲ್ಲ ಬೇಡ ಎನ್ನುವ ಸಮಿತಿಗೆ ಎಸ್ಟೋನಿಯಾದ ಸಂಯೋಜಕ ಆರ್ವೊ ಪ್ಯಾರ್ಟ್ ಇದ್ದಾರೆ. ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ ಸ್ಮರಣೆಗೆ ಬರೆದ ‘ಕ್ಯಾಂಟಸ್’ಗೆ ಬೇಕಿರುವುದು ತಂತಿವಾದ್ಯಗಳು ಮತ್ತು ಬಾರಿಸಲು ಒಂದೇ ಒಂದು ಗಂಟೆ. ಚೆಂದದ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಬರೆದದ್ದು 1977ರಲ್ಲಿ. ಅಂದು ಹುಟ್ಟಿದ ಮಗುವಿನ ಕೂದಲು ಈಗ ನರೆತಿದೆ, ಕೃತಿ ಮಾತ್ರ ಇನ್ನೂ ‘ಸಮಕಾಲೀನ’ ವಿಭಾಗದಲ್ಲೇ ಇದೆ. ಕೊನೆಯಲ್ಲಿ ಗಂಟೆಯನ್ನು ಕೇಳಿಯೂ ಕೇಳದಂತೆ ಬಾರಿಸಿರುತ್ತಾರೆ. ತಂತಿಗಳು ನಿಂತಾಗ ಅದರ ಅನುರಣನವೊಂದೇ ಉಳಿಯಬೇಕು. ಉಳಿಯುವುದು ಮೂರನೇ ಸಾಲಿನವರ ಚಪ್ಪಾಳೆ. ಅವರನ್ನು ಬೈಯುವಂತಿಲ್ಲ. ಕಾರ್ಯಕ್ರಮಪಟ್ಟಿಯಲ್ಲಿ ಕೃತಿಯ ಬಗ್ಗೆ ಪುಟಗಟ್ಟಲೆ ಅಧ್ಯಾತ್ಮ ಇರುತ್ತದೆ. ಎಷ್ಟು ನಿಮಿಷ, ಮುಗಿದದ್ದು ಹೇಗೆ ತಿಳಿಯುತ್ತದೆ ಎಂಬ ಎರಡು ಸಾಲು ಇರುವುದಿಲ್ಲ.

ಚಪ್ಪಾಳೆಯ ವಿಷಯಕ್ಕೆ ಬಂದರೆ, 1778ರಲ್ಲಿ ಪ್ಯಾರಿಸ್ಸಿನ ಜನ ತನ್ನ ಸಿಂಫನಿಯ ನಟ್ಟನಡುವೆಯೇ ಚಪ್ಪಾಳೆ ಹೊಡೆದರೆಂದು ಮೊಜಾರ್ಟ್ ಅಪ್ಪನಿಗೆ ಹಿಗ್ಗಿ ಪತ್ರ ಬರೆದ. ಅದೇ ಮೊಜಾರ್ಟ್‌ಗೆ ಇಂದು ಎರಡು ಭಾಗಗಳ ನಡುವೆ ಚಪ್ಪಾಳೆ ತಟ್ಟಿದರೆ ಪಕ್ಕದವರು ತಿರುಗಿ ನೋಡುವ ನೋಟಕ್ಕೆ ಮುಂದಿನ ಸಲ ಟಿಕೆಟ್ ಕೊಳ್ಳುವ ಆಸೆಯೇ ಸಾಯುತ್ತದೆ.

ನಿಜವಾದ ಬಲಿ ಆಗುವುದು ಆ ಮೊಜಾರ್ಟನೇ. ಮೂರು ಮೂರು ಗಂಟೆಯ ನಾಲ್ಕು ರಿಹರ್ಸಲ್ ಎಂದಿಟ್ಟುಕೊಳ್ಳಿ. ಹನ್ನೆರಡು ಗಂಟೆಯಲ್ಲಿ ಹನ್ನೆರಡು ನಿಮಿಷದ ಹೊಸ ಕೃತಿ ಎಂಟನ್ನು ನುಂಗುತ್ತದೆ. ಪಿಯಾನೊ ಕಲಾವಿದರು ಮೂರು. ಉಳಿದದ್ದರಲ್ಲಿ 29ನೇ ಸಿಂಫನಿ: ‘ಎಲ್ಲರಿಗೂ ಗೊತ್ತಿರುವುದೇ’ ಎಂದು ಪ್ರತಿ ಭಾಗದ ಮೊದಲ ಹತ್ತು ಬಾರ್ (ತಾಳದ ಆವರ್ತ), ಕೊನೆಯ ಹತ್ತು ಬಾರ್ ನೋಡಿ ಮನೆಗೆ. 1774ರ ಆ ಸಿಂಫನಿಯಲ್ಲಿ ಎರಡು ಓಬೊ, ಎರಡು ಹಾರ್ನ್ ಬಿಟ್ಟರೆ ಬರೀ ತಂತಿವಾದ್ಯ. ಅಡಗಿಕೊಳ್ಳಲು ಜಾಗವೇ ಇಲ್ಲ. ಹಾರ್ನ್‌ಗಳಂತೂ ಎತ್ತರದಲ್ಲಿ ಕೂಗಬೇಕು. ಹೊಸ ಕೃತಿಯುದ್ದಕ್ಕೂ ಸ್ವರವಿಲ್ಲದೆ ಬರೀ ಗಾಳಿ ಊದಿದ ತುಟಿಗಳು ಅಲ್ಲಿ ಕೈಕೊಡುತ್ತವೆ. ಹೀಗಾಗಿ, ತಪ್ಪಾದರೆ ಸಂಯೋಜಕರೊಬ್ಬರಿಗೇ ತಿಳಿಯುವ ಸಂಗೀತಕ್ಕೆ ಎಂಟು ಗಂಟೆ, ಇಡೀ ಸಭೆಗೆ ತಿಳಿಯುವ ಸಂಗೀತಕ್ಕೆ ಒಂದು.

ಆ ಎಂಟು ಗಂಟೆಯಾದರೂ ಸಾರ್ಥಕವೇ ಎಂದರೆ, ಅದೂ ಇಲ್ಲ. ಕೃತಿಯನ್ನು ಎರಡನೇ ಸಲ ಯಾರೂ ನುಡಿಸುವುದಿಲ್ಲ. ‘ವಿಶ್ವದಲ್ಲೇ ಮೊದಲ ಪ್ರದರ್ಶನ’ ಸುದ್ದಿಯಾಗುತ್ತದೆ, ಎರಡನೆಯದಕ್ಕೆ ಪೋಸ್ಟರ್ ಮಾಡುವವರಿಲ್ಲ. 1918ರಲ್ಲಿ ಸಂಯೋಜಕ ಶೋನ್‌ಬರ್ಗ್ ಹೊಸ ಸಂಗೀತಕ್ಕೆಂದು ವಿಯೆನ್ನಾದಲ್ಲಿ ಕಟ್ಟಿದ ಸಂಘದ ಪದ್ಧತಿ ಬೇರೆ ಇತ್ತು: ಸಾಕಷ್ಟು ರಿಹರ್ಸಲ್, ಒಂದೇ ಕೃತಿಯನ್ನು ಮತ್ತೆ ಮತ್ತೆ ಕೇಳಿಸುವುದು, ಚಪ್ಪಾಳೆ ನಿಷೇಧ, ಯಾವ ಕೃತಿ ಎಂದು ಮುಂಚಿತವಾಗಿ ಹೇಳದಿರುವುದು. ಸಮಿತಿ ಇದನ್ನೆಲ್ಲ ಕೂಲಂಕಷವಾಗಿ ಚರ್ಚಿಸಿ ಕೊನೆಯದನ್ನು ಅಂಗೀಕರಿಸಿದೆ. ಮುಂದಿನ ಕಛೇರಿಯ ಪೋಸ್ಟರ್ ಅಚ್ಚಿಗೆ ಹೋಗಿದೆ: ‘ಮೊಜಾರ್ಟ್ ಮತ್ತು ಇತರರು’.