ಮುಂದಿನ ಬೆಂಚಿನ ಖಾಲಿ ಜಾಗ

ಈ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ತಪ್ಪಿಹೋದ ಕುರಿಯ ಮೇಲೆ ಪ್ರಸಂಗ ಇತ್ತು. ಸತ್ಯವೇದದ, ಅಂದರೆ ಬೈಬಲಿನ, ಲೂಕ 15ನೇ ಅಧ್ಯಾಯ. ಚೆನ್ನಾಗಿಯೇ ಇತ್ತು, ನನ್ನ ಕಣ್ಣೂ ಒದ್ದೆಯಾಯಿತು. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಲು ಹೊರಟ ಕುರುಬ, ಅದನ್ನು ಹೆಗಲ ಮೇಲೆ ಹೊತ್ತು ತಂದ. ಎಲ್ಲರೂ ಆಮೆನ್ ಅಂದೆವು. ಆಮೇಲೆ ಪ್ರಕಟಣೆಗಳು. ಈ ತಿಂಗಳು ಆರಾಧನೆಗೆ ಬರುವವರು ಜಾಸ್ತಿ ಆಗಿದ್ದಾರೆ, ದೇವರಿಗೆ ಸ್ತೋತ್ರ ಅಂದರು. ಅದಕ್ಕೂ ಆಮೆನ್.

ನನ್ನ ಮುಂದಿನ ಬೆಂಚಿನಲ್ಲಿ ಗೋಡೆ ಪಕ್ಕದ ಜಾಗ ಖಾಲಿ ಇತ್ತು. ನಾಲ್ಕು ತಿಂಗಳಿಂದ ಖಾಲಿಯೇ ಇದೆ.

ಅಲ್ಲಿ ಕೂರುತ್ತಿದ್ದ ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಅದು ಎಲ್ಲರಿಗೂ ಗೊತ್ತು. ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬಂದಿದ್ದವು. ಅಷ್ಟೇ. ಆರಾಧನೆ ಮುಗಿದ ಮೇಲೆ ನಾನು ಸೀದಾ ಅವರ ಮನೆಗೆ ಹೋದೆ. ಮಂಚದ ಪಕ್ಕದಲ್ಲಿ ಸತ್ಯವೇದ, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಕಾಣಿಕೆ ಕವರುಗಳ ಕಟ್ಟು. ಪ್ರತಿ ಕವರಿನ ಮೇಲೂ ನಡುಗುವ ಅಕ್ಷರದಲ್ಲಿ ಒಂದೊಂದು ಭಾನುವಾರದ ತಾರೀಖು. ಎಣಿಸಿದೆ, ಹದಿನೇಳು ಇದ್ದವು. ಸಭೆ ಅವರನ್ನು ಮರೆತ ಒಂದು ವಾರವೂ ಅವರು ಸಭೆಯನ್ನು ಮರೆತಿಲ್ಲ.

ಆಗಿನಿಂದ ನನಗೆ ತಡೆಯಲಾಗದ ಸಿಟ್ಟು. ಇಲ್ಲಾದರೂ ಹೇಳಿಕೊಳ್ಳುತ್ತೇನೆ.

ಆ ಕಥೆಯ ಕುರುಬನಿಗೆ ಒಂದು ಕುರಿ ಇಲ್ಲ ಅಂತ ಗೊತ್ತಾದದ್ದು ಹೇಗೆ? ನೂರರಲ್ಲಿ ಒಂದು ಕಮ್ಮಿಯಾದರೆ ನೋಡಿದ ತಕ್ಷಣ ಗೊತ್ತಾಗುವುದಿಲ್ಲ. ಹಿಂಡು ತುಂಬಿಕೊಂಡೇ ಕಾಣುತ್ತದೆ. ದಿನಾ ಸಂಜೆ ಎಣಿಸುವವನಿಗೆ ಮಾತ್ರ ಗೊತ್ತಾಗುತ್ತದೆ. ನಾವೂ ಎಣಿಸುತ್ತೇವೆ, ಆದರೆ ಬಂದವರನ್ನು. ಅವನು ಎಣಿಸಿದ್ದು ಬಾರದೆ ಇದ್ದದ್ದು ಯಾವುದು ಅಂತ ತಿಳಿಯಲಿಕ್ಕೆ. ಎರಡೂ ಎಣಿಕೆಯೇ, ಆದರೆ ಒಂದರಲ್ಲಿ ಲೆಕ್ಕ ಇದೆ, ಇನ್ನೊಂದರಲ್ಲಿ ಕರುಳು ಇದೆ.

ಕರುಳು ಅಂತ ಸುಮ್ನೆ ಹೇಳಿದ್ದಲ್ಲ. ಮತ್ತಾಯ 9:36ರಲ್ಲಿ ಯೇಸು ಜನರನ್ನು ನೋಡಿ, ಇವರು ಕುರುಬನಿಲ್ಲದ ಕುರಿಗಳ ಹಾಗಿದ್ದಾರೆ ಎಂದು ಕನಿಕರಪಟ್ಟ ಅಂತ ಓದುತ್ತೇವಲ್ಲ, ಅಲ್ಲಿರುವ ಗ್ರೀಕ್ ಪದ ಹುಟ್ಟಿದ್ದೇ ಹೊಟ್ಟೆಯೊಳಗಿನ ಕರುಳು ಎಂಬ ಮಾತಿನಿಂದ. ಕರುಳು ಚುರುಕ್ ಅಂತು ಅನ್ನುತ್ತೇವಲ್ಲ, ಅದೇ. ಹಳೆಯ ಒಡಂಬಡಿಕೆಯಲ್ಲಿ ದೇವರ ಕರುಣೆಗೆ ಬರುವ ಒಂದು ಹೀಬ್ರೂ ಪದಕ್ಕೂ ತಾಯಿಯ ಗರ್ಭ ಎಂಬ ಪದಕ್ಕೂ ಬೇರು ಒಂದೇ. ದೇವರ ಕನಿಕರ ಅಂದರೆ ದೂರದಿಂದ ಅಯ್ಯೋ ಪಾಪ ಅನ್ನುವುದಲ್ಲ. ಹೊಟ್ಟೆಯಲ್ಲಿ ಸಂಕಟವಾಗಿ ಎದ್ದು ಹೊರಡುವುದು. ವಾಟ್ಸಾಪಿನ ಕೈ ಮುಗಿದ ಚಿತ್ರಕ್ಕೆ ಎದ್ದು ಹೊರಡಲು ಕಾಲಿಲ್ಲ.

ಯೆಹೆಜ್ಕೇಲ 34 ತೆಗೆದು ನೋಡಿ. ಅಲ್ಲಿ ದೇವರು ಕುರುಬರ ಮೇಲೆ ಸಿಟ್ಟಾಗಿದ್ದಾನೆ. ಉಣ್ಣೆ ಹೊದ್ದಿರಿ, ಕೊಬ್ಬಿದ್ದನ್ನು ಕೊಯ್ದು ತಿಂದಿರಿ. ಆದರೆ ರೋಗದ ಕುರಿಯನ್ನು ನೋಡಿಕೊಳ್ಳಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ತಪ್ಪಿಹೋದದ್ದನ್ನು ಹುಡುಕಲಿಲ್ಲ. ಪ್ರಸಂಗ ಚೆನ್ನಾಗಿ ಮಾಡಲಿಲ್ಲ ಅನ್ನುವ ದೂರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮುರಿದದ್ದನ್ನು ಕಟ್ಟಲಿಲ್ಲ ಅನ್ನುವುದನ್ನು ಓದುವಾಗ ನನಗೆ ಆ ಅಮ್ಮನ ಸೊಂಟವೇ ಕಣ್ಣ ಮುಂದೆ ಬರುತ್ತದೆ.

ಪಾಸ್ಟರಿಗೆ ಎಷ್ಟು ಕೆಲಸ ಅಂತ ಗೊತ್ತಾ ಅಂತ ಕೆಲವರು ಕೇಳುತ್ತೀರಿ. ಗೊತ್ತು. ಮದುವೆ, ಮಣ್ಣು, ಕಮಿಟಿ, ಲೆಕ್ಕಪತ್ರ, ಮಧ್ಯರಾತ್ರಿ ಬರುವ ಫೋನ್. ನಿಜಕ್ಕೂ ದಣಿಯುತ್ತಾರೆ. ಆದರೆ ಮಾರ್ಕ 6ರಲ್ಲಿ ಯೇಸುವಿಗೂ ಶಿಷ್ಯರಿಗೂ ಊಟ ಮಾಡಲಿಕ್ಕೂ ಪುರುಸೊತ್ತಿರಲಿಲ್ಲ. ವಿಶ್ರಾಂತಿಗೆ ಅಂತಲೇ ದೋಣಿ ಹತ್ತಿ ಹೋದರು. ಜನ ದಡದ ಮೇಲೆ ಓಡಿ ಅವರಿಗಿಂತ ಮುಂಚೆ ಮುಟ್ಟಿದ್ದರು. ದೋಣಿಯಿಂದ ಇಳಿದವನಿಗೆ ಬೇಸರವಾಗಲಿಲ್ಲ, ಅಲ್ಲೂ ಕನಿಕರವೇ ಹುಟ್ಟಿತು. ಇನ್ನು ಒಬ್ಬರಿಂದ ಆಗದ ಕೆಲಸ ಅನ್ನುವುದಾದರೆ, ಅಪೊಸ್ತಲರ ಕೃತ್ಯಗಳು 6 ಇದೆ. ದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ದೂರು ಬಂತು. ಅಪೊಸ್ತಲರು ನಮಗೆ ಪುರುಸೊತ್ತಿಲ್ಲ ಅಂದರು ನಿಜ, ಆದರೆ ಅಷ್ಟಕ್ಕೇ ಬಿಡಲಿಲ್ಲ. ಆ ಕೆಲಸಕ್ಕೇ ಏಳು ಜನರನ್ನು ನೇಮಿಸಿದರು.

ಪೋಪ್ ಫ್ರಾನ್ಸಿಸ್ 2013ರ ಮಾರ್ಚ್ 28ರಂದು, ಅಂದರೆ ಪೋಪ್ ಆಗಿ ಎರಡು ವಾರ ಕಳೆದ ಮೇಲೆ, ಪಾದ್ರಿಗಳಿಗೆ ಕುರಿಗಳ ವಾಸನೆ ಹತ್ತಿರುವ ಕುರುಬರಾಗಿ ಅಂತ ಹೇಳಿದರು. ನಾನು ಕಥೋಲಿಕಳಲ್ಲ, ಆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ವಾಸನೆ ಹತ್ತಬೇಕಾದರೆ ಹತ್ತಿರ ಹೋಗಲೇಬೇಕು. ಹಾಸಿಗೆ ಹಿಡಿದವರ ಕೋಣೆಗೆ ಒಂದು ವಾಸನೆ ಇರುತ್ತದೆ, ಮುಲಾಮು, ಔಷಧಿ, ಮುಚ್ಚಿದ ಕಿಟಕಿ. ಭಾನುವಾರ ಮನೆಗೆ ಬಂದ ಮೇಲೂ ಅದು ನನ್ನ ಸೆರಗಿನಲ್ಲಿತ್ತು.

ಈಗ ನನ್ನ ಮಾತು. ಇಷ್ಟೆಲ್ಲ ಬರೆಯುತ್ತಿರುವ ನಾನೂ ನಾಲ್ಕು ತಿಂಗಳು ಹೋಗಿರಲಿಲ್ಲ. ಅವರ ಹಿಂದಿನ ಬೆಂಚಿನಲ್ಲೇ ಕೂರುವವಳು ನಾನು. ಆ ಖಾಲಿ ಜಾಗ ನನ್ನಷ್ಟು ಹತ್ತಿರದಿಂದ ಯಾರಿಗೂ ಕಾಣುವುದಿಲ್ಲ. ಕಳೆದ ವರ್ಷ ನಮ್ಮ ಅಪ್ಪ ಹೋದಾಗ ನಾನು ಹೇಗಾಗಿದ್ದೆ ಅಂತ ನಿಮಗೆಲ್ಲ ಗೊತ್ತು. ಆಗ ಮೂರು ದಿನ ನನ್ನ ಪಕ್ಕ ಏನೂ ಮಾತಾಡದೆ ಕೂತಿದ್ದವರು ಇದೇ ಅಮ್ಮ. ಕುರುಬನ ಕೆಲಸ ಏನು ಅಂತ ನನಗೆ ಅವರು ತೋರಿಸಿದಷ್ಟು ಯಾವ ಪ್ರಸಂಗವೂ ತೋರಿಸಿಲ್ಲ. ಅಂಥವರನ್ನು ನೋಡಲು ಹೋಗಲಿಕ್ಕೆ ನನಗೆ ಒಂದು ಪ್ರಸಂಗ ಬೇಕಾಯಿತು.

ಹೋದಾಗ ನನ್ನ ಕೈ ಹಿಡಿದು ಅವರು ಮೊದಲು ಕೇಳಿದ್ದು, "ಪಾಸ್ಟರಮ್ಮನ ಕೈ ವಾಸಿ ಆಯ್ತಾ, ಮಗಳೇ?"

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಇವರು ಬೀಳುವ ಹಿಂದಿನ ವಾರ ಪಾಸ್ಟರಮ್ಮ ಕೈ ಸುಟ್ಟುಕೊಂಡಿದ್ದರು. ಅದು ವಾಸಿಯಾಗಿ ಮೂರು ತಿಂಗಳ ಮೇಲಾಯಿತು. ಇವರು ಇನ್ನೂ ದಿನಾ ಬೆಳಗ್ಗೆ ಆ ಕೈಗಾಗಿ ಪ್ರಾರ್ಥಿಸುತ್ತಿದ್ದಾರೆ. ವಾಸಿಯಾಯಿತು ಅಂತ ಹೇಳುವವರು ಯಾರೂ ಆ ಮನೆಗೆ ಹೋಗಿರಲಿಲ್ಲ.

ಹೇಳಿದೆ. "ಸ್ತೋತ್ರ ಸ್ವಾಮಿ" ಅಂದರು. ಸತ್ಯವೇದದೊಳಗಿಂದ ಒಂದು ಚೀಟಿ ತೆಗೆಸಿ, ಪೆನ್ನು ಕೇಳಿ, ಪಾಸ್ಟರಮ್ಮನ ಹೆಸರಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು. ಅದರ ಕೆಳಗಿನ ಸಾಲಿನಲ್ಲಿ ನನ್ನ ಹೆಸರಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಅವರಿಗೆ ಗೊತ್ತಾಯಿತು.

"ನಿಂದು ಹಾಗೇ ಇರಲಿ" ಅಂದು ಚೀಟಿ ಮಡಚಿದರು.