ಮಂಚದ ಕೆಳಗೆ ಕೂತ ಬೆಕ್ಕನ್ನು ಹಾಗೇ ಕೂರಲು ಬಿಡಿ

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೀದಿಯಲ್ಲಿ ಸಿಕ್ಕ ಬೆಕ್ಕುಗಳನ್ನು ಸಾಕುವವರು ಸಿಗುವವರೆಗೆ ನಮ್ಮ ಹಿಂದಿನ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇನೆ. ಆ ಕೋಣೆ ಖಾಲಿಯಾಯಿತು ಅಂತ ಮೊನ್ನೆ ಖುಷಿಪಟ್ಟಿದ್ದೆ, ಈಗ ಮತ್ತೆ ತುಂಬಿದೆ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ಸಿಕ್ಕಿದ್ದ ಬೂದು ಬೆಕ್ಕನ್ನು ವಿದ್ಯಾನಗರದವರು ವಾಪಸ್ ತಂದುಬಿಟ್ಟರು. ಒಯ್ದು ವಾರವೂ ಆಗಿರಲಿಲ್ಲ.

“ಏನ್ ಮಾಡೋದ್ರಿ ಅಕ್ಕಾರ, ಮಂಚದ ಬುಡಕ ಹೊಕ್ಕು ಕುಂತದ, ಹೊರಗ ಬರವಲ್ದು. ನಮ್ಮ ಮನಿಗೆ ಹೊಂದವಲ್ದು” ಅಂದರು.

ಅಲ್ಲ, ಹೊಸ ಮನೆಗೆ ಬಂದ ಬೆಕ್ಕು ಮಂಚದ ಕೆಳಗಲ್ಲದೆ ಇನ್ನೆಲ್ಲಿ ಕೂರಬೇಕು? ಅದು ಅಲ್ಲಿ ಕೂತು ಹೊಂದಿಕೊಳ್ಳುತ್ತಲೇ ಇತ್ತು. ಯಾರ ಹೆಜ್ಜೆ ಹೇಗಿದೆ, ಕುಕ್ಕರ್ ಯಾವಾಗ ಕೂಗುತ್ತದೆ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಇಲಿ ಹಿಡಿಯುವ ಪ್ರಾಣಿ ಅಂತ ನಾವು ಅದನ್ನು ನೋಡುತ್ತೇವೆ. ಆದರೆ ನಾಯಿಗೆ, ತನಗಿಂತ ದೊಡ್ಡ ಪ್ರಾಣಿಗೆ ಬೆಕ್ಕೇ ಬೇಟೆ. ಗೊತ್ತಿಲ್ಲದ ಜಾಗದಲ್ಲಿ ಮೊದಲು ಅಡಗಿಕೊಳ್ಳುವುದು ಅದರ ಹುಟ್ಟುಗುಣ.

ಬೆಕ್ಕಿಗೆ ಮನೆ ಅಂದರೆ ಮೊದಲು ವಾಸನೆ. ಅದರ ಕೆನ್ನೆ, ಗದ್ದ, ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ. ಕುರ್ಚಿಯ ಕಾಲಿಗೆ, ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಮುಖ ಉಜ್ಜುತ್ತದಲ್ಲ, ತನ್ನ ಗುರುತು ಹಾಕುವ ರೀತಿ ಅದು. ಹೊಸ ಮನೆಯಲ್ಲಿ ಅಂಥ ಗುರುತು ಒಂದೂ ಇರುವುದಿಲ್ಲ. ಅದಕ್ಕೇ ನಾನು ಪ್ರತಿ ಬೆಕ್ಕಿನ ಜೊತೆ ಅದು ಮಲಗುತ್ತಿದ್ದ ಟವೆಲ್ ಕಳಿಸುತ್ತೇನೆ. ಒಗೆಯಬೇಡಿ ಅಂತ ಹೇಳಿಯೇ ಕೊಡುತ್ತೇನೆ. ಇವರು ಒಗೆದಿದ್ದಾರೆ. “ವಾಸನಿ ಬರ್ತಿತ್ರಿ” ಅಂದರು. ಆ ವಾಸನೆಗೋಸ್ಕರವೇ ಕೊಟ್ಟಿದ್ದು! ಇಡೀ ಮನೆಯಲ್ಲಿ ಅದಕ್ಕೆ ಪರಿಚಯವಿದ್ದದ್ದು ಅದೊಂದೇ.

ಮೇಲಾಗಿ ಬಂದ ಸಂಜೆಯೇ ಓಣಿಯ ಹುಡುಗರನ್ನೆಲ್ಲ ಕರೆದು ತೋರಿಸಿದ್ದಾರೆ. ಮಂಚದ ಕೆಳಗೆ ಕೈ ಹಾಕಿ ಎಳೆದಿದ್ದಾರೆ. ಅದು ಪರಚಿದೆ. ಪರಚಿದ್ದು ಬೆಕ್ಕಿನ ತಪ್ಪಾಯಿತು, ಎಳೆದವರನ್ನು ಯಾರೂ ಕೇಳಲಿಲ್ಲ. (ಬೆಕ್ಕು ಪರಚಿದರೆ, ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ. ರೇಬೀಸ್ ವಿಷಯದಲ್ಲಿ ಉದಾಸೀನ ಬೇಡ.)

ಬೆಕ್ಕು ಸಾಕುವವರು 3-3-3 ಅಂತ ಒಂದು ಲೆಕ್ಕ ಹೇಳುತ್ತಾರೆ. ಮೊದಲ 3 ದಿನ ಹೆದರಿಕೆ, 3 ವಾರಕ್ಕೆ ಮನೆಯ ರೂಢಿ, 3 ತಿಂಗಳಿಗೆ ಇದು ನನ್ನ ಮನೆ ಅನ್ನೋ ಧೈರ್ಯ. ಅಂದಾಜು ಅಷ್ಟೇ. ಬೀದಿಯಲ್ಲಿ ಏಟು ತಿಂದ ಬೆಕ್ಕಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಅಷ್ಟು ದಿನ ನೀವು ಮಾಡಬೇಕಾದ್ದು ಬಹಳ ಕಡಿಮೆ. ಮೊದಲಿಗೆ ಒಂದೇ ಕೋಣೆ ಕೊಡಿ. ಒಂದು ರಟ್ಟಿನ ಡಬ್ಬಿ ಅಡ್ಡ ಮಲಗಿಸಿಡಿ, ಅದರೊಳಗೆ ಹೋಗಿ ಕೂರಲಿ. ಒಂದು ಮೂಲೆಯಲ್ಲಿ ಉಸುಕಿನ ಟ್ರೇ, ಅದರಿಂದ ದೂರದಲ್ಲಿ ಊಟ, ನೀರು. ಮೊದಲು ಏನು ತಿನ್ನುತ್ತಿತ್ತೋ ಅದನ್ನೇ ಹಾಕಿ. ಹಾಲು ಬೇಡ, ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಅದು ಅರಗದೆ ಭೇದಿ ಆಗುತ್ತದೆ. ನೆಲಕ್ಕೆ ಫಿನೈಲ್ ಅಂತೂ ಬೇಡವೇ ಬೇಡ. ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಫಿನೈಲ್‌ನಲ್ಲಿರುವ ಫಿನಾಲ್ ಅನ್ನೋ ರಾಸಾಯನಿಕ ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ.

ಆಮೇಲೆ ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಪೇಪರ್ ಓದಿ. ಕಣ್ಣಿಗೆ ಕಣ್ಣು ಕೂಡಿದರೆ ನಿಧಾನಕ್ಕೆ ರೆಪ್ಪೆ ಮುಚ್ಚಿ ತೆರೆಯಿರಿ. ದಿಟ್ಟಿಸಿ ನೋಡಿದರೆ ಅದಕ್ಕೆ ಜಗಳಕ್ಕೆ ಕರೆದ ಹಾಗೆ. ಒಂದು ದಿನ ಅದೂ ನಿಮ್ಮನ್ನು ನೋಡಿ ನಿಧಾನಕ್ಕೆ ರೆಪ್ಪೆ ಮುಚ್ಚುತ್ತದೆ. ಇಷ್ಟು ವರ್ಷವಾಯಿತು, ಈಗಲೂ ಆ ಗಳಿಗೆಗೆ ನನ್ನ ಕಣ್ಣು ತುಂಬುತ್ತದೆ. ವಿದ್ಯಾನಗರದವರು ಅದನ್ನು ನೋಡಲೇ ಇಲ್ಲವಲ್ಲ ಅನ್ನೋದು ನನ್ನ ಸಂಕಟ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಇಡೀ ಒಂದು ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಉಪವಾಸ ಮುಂದುವರಿದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ.

“ನಮ್ಮ ಅಜ್ಜಿ ಮನ್ಯಾಗ ಬೆಕ್ಕು ತಾವ ಬಂದು ಇರ್ತಿದ್ವು, ಇಷ್ಟೆಲ್ಲಾ ಎಲ್ಲಿತ್ರಿ?” ಅಂತ ಕೆಲವರು ಕೇಳುತ್ತಾರೆ. ಹೌದು, ತಾವೇ ಬರುತ್ತಿದ್ದವು. ಹಿತ್ತಲಿಂದ ಒಳಗೆ ಬಂದು, ಜೋಳದ ಚೀಲದ ಹಿಂದೆ ಅಡಗಿ, ತಿಂಗಳುಗಟ್ಟಲೆ ಮನೆಯವರನ್ನು ಅಳೆದು ನೋಡಿ ಆಮೇಲೆ ಒಲೆಯ ಹತ್ತಿರ ಬರುತ್ತಿದ್ದವು. ಬೇಡ ಅನ್ನಿಸಿದರೆ ಮಾಳಿಗೆಯ ಗವಾಕ್ಷಿಯಿಂದ ಹೊರಗೆ ನಡೆಯುತ್ತಿದ್ದವು. ಅಜ್ಜಿ ಯಾವತ್ತೂ ಅವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡವಳಲ್ಲ. ಈ ಬೆಕ್ಕು ಮುಚ್ಚಿದ ಬುಟ್ಟಿಯಲ್ಲಿ ಬಂದದ್ದು. ಫ್ಲ್ಯಾಟ್‌ನಲ್ಲಿ ಅದಕ್ಕೆ ಹೊರಹೋಗುವ ದಾರಿ ಇಲ್ಲ, ಇರಲೂಬಾರದು. ಅಂದಮೇಲೆ ಮಂಚದ ಕೆಳಗಾದರೂ ಬಿಡಬೇಕು, ಅಲ್ವಾ? ‘ಮನೆ ಸಣ್ಣದು, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ’ ಅನ್ನೋ ಮಾತೂ ನನಗೆ ಒಪ್ಪಿಗೆಯಿಲ್ಲ. ಹೆದರಿದ ಬೆಕ್ಕಿಗೆ ಸಣ್ಣ ಜಾಗವೇ ಹಿತ. ಹಗಲೆಲ್ಲ ಸದ್ದಿಲ್ಲದ ಮನೆ ಅದಕ್ಕೆ ಇನ್ನೂ ಒಳ್ಳೆಯದು.

ವಾಪಸ್ ತಂದುಕೊಟ್ಟರಲ್ಲ, ಉಣಕಲ್ ಕೆರೆ ದಂಡೆಗೆ ಬಿಡಲಿಲ್ಲವಲ್ಲ ಅಂತ ನಮ್ಮ ಮನೆಯವರು ಸಮಾಧಾನ ಹೇಳಿದರು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಲ್ಲಿ ನರಳುವ ಹಾಗೆ ಸುಮ್ನೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಅಪರಾಧ ಮಾಡಲಿಲ್ಲ ಅಂತ ನಾನು ಯಾಕೆ ಥ್ಯಾಂಕ್ಸ್ ಹೇಳಲಿ? ಬೆಕ್ಕು ಈಗ ಮತ್ತೆ ಮೊದಲಿಂದ ಶುರು ಮಾಡಬೇಕು. ಪ್ರತಿ ಸಲ ಮನೆ ಬದಲಾದಾಗಲೂ ಹೆದರಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ದೀಪಾವಳಿಗೆ ಮಕ್ಕಳಿಗೊಂದು ಬೆಕ್ಕು ಕೊಡಿ ಅಂತ ಧಾರವಾಡದಿಂದ ಈಗಲೇ ಮೆಸೇಜ್ ಬರುತ್ತಿವೆ. ಪಟಾಕಿ, ಬಂದು ಹೋಗುವ ಬೀಗರು, ಹಗಲೆಲ್ಲ ತೆರೆದಿಟ್ಟ ಬಾಗಿಲು. ಆ ದಿನಗಳಲ್ಲಿ ಯಾರಿಗೂ ಕೊಡುವುದಿಲ್ಲ, ಎಷ್ಟೇ ಬೇಕಾದವರು ಕೇಳಿದರೂ ಇಲ್ಲ. ತುಳಸಿ ಲಗ್ನ ಮುಗಿದ ಮೇಲೆ ಕೇಳಿ. ಕಿಟಕಿಗೆ ಜಾಳಿ ಇದೆಯಾ ಅಂತ ಮೊದಲು ನಿಮ್ಮ ಮನೆಗೆ ಬಂದು ನೋಡುತ್ತೇನೆ, ಆಮೇಲೆ ಕೊಡುತ್ತೇನೆ.